‘ಜವಾಬ್ದಾರಿಯಿಂದ ಕುಡಿಯಿರಿ’: ಮೆಹೆಂದಿ ಸೀಸನ್ನಿನ ಒಂದು ಜಾಹೀರಾತಿನ ಕಥೆ

ಉಡುಪಿ ಜಿಲ್ಲೆಯ ಒಂದು ಊರು. ಊರಿನ ಹೆಸರು ಬೇಡ, ಸಂಸ್ಥೆಯ ಹೆಸರೂ ಬೇಡ. ಇಲ್ಲಿ ಬರುವ ಜನರ ಗುರುತು ಸಿಗದ ಹಾಗೆ ಸಣ್ಣಪುಟ್ಟ ವಿವರ ಬದಲಾಯಿಸಿದ್ದೇನೆ. ಒಂದು ಆರೋಗ್ಯ ಸಂಸ್ಥೆಯ ಸಮುದಾಯ ವಿಭಾಗದವರು ಮದುವೆ ಸೀಸನ್ನಿಗೆ ಅಂತ ನಲವತ್ತು ಸೆಕೆಂಡಿನ ಒಂದು ವಿಡಿಯೋ ಮತ್ತು ಒಂದು ಪೋಸ್ಟರ್ ಮಾಡಿಸಿದ್ದರು. ವಿಷಯ: ಕುಡಿಯುವವರು ಜವಾಬ್ದಾರಿಯಿಂದ ಕುಡಿಯಬೇಕು. ವಿಡಿಯೋ ಚೆನ್ನಾಗಿತ್ತು. ಕ್ಯಾಮೆರಾ ಕೆಲಸ, ಹಿನ್ನೆಲೆ ಸಂಗೀತ ಎಲ್ಲ ಮೇಲ್ದರ್ಜೆಯದ್ದು. ವಾಟ್ಸಾಪಿನಲ್ಲಿ ಓಡಾಡಿತು, ಜನ ಹೊಗಳಿದರು, ಆಮೇಲೆ ಏನೂ ಆಗಲಿಲ್ಲ. ಯಾಕೆ ಅಂತ ನೋಡಲು ಜಾಹೀರಾತನ್ನು ಬಿಡಿಸಿ ನೋಡುವ ಕೆಲಸ ನಮಗೆ ಬಂತು. ನಾನು ಆ ತಂಡಕ್ಕೆ ಹೊರಗಿನಿಂದ ಸೇರಿಕೊಂಡವನು.

ಮೆಹೆಂದಿ ರಾತ್ರಿ ಅಂದರೆ

ಕರಾವಳಿಯವರಿಗೆ ಇದನ್ನು ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಸ್ವಲ್ಪ ಹೇಳುತ್ತೇನೆ. ಇಲ್ಲಿ ಮದುವೆಯ ಹಿಂದಿನ ರಾತ್ರಿ ಮನೆಯ ಅಂಗಳದಲ್ಲೇ ಮೆಹೆಂದಿ. ಶಾಮಿಯಾನ, ಬಣ್ಣದ ಲೈಟು, ಡಿಜೆ, ಮೀನು ಫ್ರೈ, ಕೋಳಿ ಸುಕ್ಕ. ಹೆಣ್ಣುಮಕ್ಕಳು ಎದುರಿಗೆ ಕೂತು ಕೈಗೆ ಮೆಹೆಂದಿ ಹಾಕಿಸಿಕೊಳ್ಳುತ್ತಿದ್ದರೆ, ಮನೆಯ ಹಿಂದೆಯೋ ಪಕ್ಕದ ಮನೆಯ ತೋಟದಲ್ಲೋ ಇನ್ನೊಂದು ಟೇಬಲ್ ಇರುತ್ತದೆ. ಎಲ್ಲರ ಮನೆಯಲ್ಲೂ ಇರುತ್ತದೆ ಅಂತಲ್ಲ. ಆದರೆ ಇರುವ ಮನೆಗಳಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಅತಿಥಿಗಳು ಪಡುಬಿದ್ರಿ, ಕಾಪು, ಸುರತ್ಕಲ್ ಕಡೆಯಿಂದೆಲ್ಲ ಬೈಕು, ಸ್ಕೂಟರು, ಕಾರುಗಳಲ್ಲಿ ಬರುತ್ತಾರೆ. ವಾಪಸು ಹೋಗುವುದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಮಧ್ಯರಾತ್ರಿ ದಾಟಿದ ಮೇಲೆ.

ಜಾಹೀರಾತು ಬೇಕು ಅಂತ ಕೇಳಿದವರು ಆ ಸಂಸ್ಥೆಯ ಎಮರ್ಜೆನ್ಸಿ ವಿಭಾಗದವರು. ಮದುವೆ ತಿಂಗಳುಗಳಲ್ಲಿ ರಾತ್ರಿ ಪಾಳಿ ಮಾಡಿ ಅವರಿಗೆ ಸಾಕಾಗಿತ್ತು. ಹಾಗಾಗಿ ಇದು ಯಾರದ್ದೋ ಫಂಡ್ ಮುಗಿಸಲು ಮಾಡಿದ ಜಾಹೀರಾತಲ್ಲ. ಉದ್ದೇಶ ನಿಜವಾದದ್ದು. ಅದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ನಾನು ಅದರ ಮೇಲೆ ಸ್ವಲ್ಪ ಜಾಸ್ತಿಯೇ ಹರಿಹಾಯುತ್ತೇನೆ.

ನಲವತ್ತು ಸೆಕೆಂಡು, ಒಂದೊಂದಾಗಿ

ವಿಡಿಯೋ ಶುರುವಾಗುವುದು ಗ್ಲಾಸಿನಿಂದ. ಐಸ್ ತುಂಡು ನಿಧಾನವಾಗಿ ಬೀಳುತ್ತದೆ, ಹಳದಿ ಬೆಳಕು, ಗ್ಲಾಸಿಗೆ ಗ್ಲಾಸು ತಾಗುವ ಸದ್ದು. ನಾಲ್ಕು ಜನ ಹುಡುಗರು, ನಗು, ತಟ್ಟೆಯಲ್ಲಿ ಅಂಜಲ್ ಮೀನಿನ ಫ್ರೈ. ಒಬ್ಬ ಇನ್ನೊಬ್ಬನಿಗೆ ‘ಇನ್ನೊಂದು ಹಾಕು ಮಚ್ಚಾ’ ಅನ್ನುತ್ತಾನೆ. ಇಲ್ಲಿಗೆ ಇಪ್ಪತ್ತೆರಡು ಸೆಕೆಂಡು. ಆಮೇಲೆ ಮಳೆ, ಬೈಕಿನ ಹೆಡ್‌ಲೈಟು, ಬ್ರೇಕಿನ ಕಿರುಚು, ಕಪ್ಪು ಪರದೆ. ರಸ್ತೆಯಲ್ಲಿ ಬಿದ್ದ ಹೆಲ್ಮೆಟ್. ಬಾಗಿಲಲ್ಲಿ ಕಾಯುತ್ತಿರುವ ಅಮ್ಮ. ಕೊನೆಗೆ ಅಕ್ಷರ: ‘ಜವಾಬ್ದಾರಿಯಿಂದ ಕುಡಿಯಿರಿ. ಮನೆಯವರು ಕಾಯುತ್ತಿದ್ದಾರೆ.’ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಸಹಾಯವಾಣಿ ನಂಬರು, ಎರಡು ಸೆಕೆಂಡಿನಷ್ಟು ಹೊತ್ತು.

ಇದನ್ನು ನಾವು ಬೇರೆ ಬೇರೆ ಗುಂಪಿಗೆ ತೋರಿಸಿ ಮಾತಾಡಿಸಿದೆವು. ಕಾಲೇಜು ಹುಡುಗರು, ಸ್ವಸಹಾಯ ಸಂಘದ ಅಕ್ಕಂದಿರು, ರಿಕ್ಷಾ ಸ್ಟ್ಯಾಂಡಿನವರು, ಬೋಟಿನ ಕೆಲಸದವರು, ಒಂದು ಬಾರಿನಲ್ಲಿ ವರ್ಷಗಟ್ಟಲೆ ಸಪ್ಲೈ ಮಾಡಿದ ಒಬ್ಬರು. ‘ಹೇಗಿದೆ’ ಅಂತ ಕೇಳಿದರೆ ಎಲ್ಲರೂ ಒಳ್ಳೆಯದಿದೆ ಅನ್ನುತ್ತಾರೆ, ಅದರಿಂದ ಪ್ರಯೋಜನವಿಲ್ಲ. ಹಾಗಾಗಿ ‘ಇದರಲ್ಲಿ ನೆನಪಿರುವುದು ಏನು, ಇದನ್ನು ನೋಡಿ ನೀವು ಏನು ಮಾಡುತ್ತೀರಿ’ ಅಂತ ಕೇಳಿದೆವು.

ಕಾಲೇಜು ಹುಡುಗರಿಗೆ ನೆನಪಿದ್ದದ್ದು ಅಂಜಲ್ ಫ್ರೈ. ತಮಾಷೆಯಲ್ಲ. ಒಬ್ಬ ‘ಬಾಯಲ್ಲಿ ನೀರು ಬಂತು ಸರ್’ ಅಂದ. ಮೊದಲ ಇಪ್ಪತ್ತೆರಡು ಸೆಕೆಂಡು ಸಂತೋಷ, ಆಮೇಲೆ ಹದಿನೆಂಟು ಸೆಕೆಂಡು ಶಿಕ್ಷೆ. ಜಾಹೀರಾತು ಮಾಡಿದವರು ಹೆದರಿಕೆ ಗಟ್ಟಿಯಾಗಬೇಕು ಅಂತ ಸಂತೋಷವನ್ನು ಅಷ್ಟು ಚೆನ್ನಾಗಿ ತೋರಿಸಿದ್ದರು. ನೋಡಿದವರು ಸಂತೋಷವನ್ನು ಇಟ್ಟುಕೊಂಡು ಹೆದರಿಕೆಯನ್ನು ಬಿಟ್ಟುಹೋದರು.

ಇನ್ನೂ ಮಜಾ ಬಂದದ್ದು ಸಂಸ್ಥೆಯ ಹೊರರೋಗಿ ವಿಭಾಗದಲ್ಲಿ. ಅಲ್ಲಿ ಟೋಕನ್ ಹಿಡಿದು ಕಾಯುವ ಜಾಗದಲ್ಲಿ ಟಿವಿ ಇದೆ, ಸೌಂಡ್ ಯಾವಾಗಲೂ ಬಂದ್. ಅದರಲ್ಲಿ ಈ ವಿಡಿಯೋ ಸುತ್ತುತ್ತಾ ಇತ್ತು. ಸೌಂಡ್ ಇಲ್ಲದಿದ್ದರೆ ಬ್ರೇಕಿನ ಕಿರುಚು ಇಲ್ಲ, ಅಪಘಾತವೂ ಇಲ್ಲ. ಐಸು, ಗ್ಲಾಸು, ನಗು, ಮಳೆ, ಅಮ್ಮ. ಒಬ್ಬರು ಅಜ್ಜಿ ಸ್ವಲ್ಪ ಹೊತ್ತು ನೋಡಿ ಪಕ್ಕದಲ್ಲಿದ್ದ ನರ್ಸನ್ನು ಕೇಳಿದರು: ‘ಇದು ಯಾವ ಬಾರು ಮಗಾ, ಹೊಸತಾ?’

ನರ್ಸ್ ಅದನ್ನು ಜೋಕಿನ ಹಾಗೆ ಹೇಳಿದರು. ನಮ್ಮ ತಂಡದಲ್ಲಿ ಯಾರೂ ನಗಲಿಲ್ಲ. ನಮ್ಮ ದೇಶದಲ್ಲಿ 1994ರ ಕೇಬಲ್ ಟಿವಿ ನಿಯಮಗಳ ಪ್ರಕಾರ ಮದ್ಯದ ಜಾಹೀರಾತು ಹಾಕುವಂತಿಲ್ಲ. ಅದಕ್ಕೇ ಕಂಪನಿಗಳು ಸೋಡಾ, ನೀರು, ಸಂಗೀತ ಅಂತ ಅದೇ ಹೆಸರಿನಲ್ಲಿ ಬೇರೆ ಏನನ್ನೋ ತೋರಿಸುತ್ತವೆ. ಗ್ಲಾಸು, ಗೆಳೆತನ, ಹಳದಿ ಬೆಳಕು. ಆ ಭಾಷೆಯನ್ನು ನಾವೆಲ್ಲ ವರ್ಷಗಟ್ಟಲೆ ಓದಿ ಕಲಿತಿದ್ದೇವೆ, ಆ ಅಜ್ಜಿಯೂ ಕಲಿತಿದ್ದಾರೆ. ಆರೋಗ್ಯ ಸಂಸ್ಥೆಯ ಜಾಹೀರಾತು ಅದೇ ಭಾಷೆಯಲ್ಲಿ ಮಾತಾಡಿದರೆ ಯಾರಾದರೂ ಬಾರ್ ಅಂತಲೇ ತಿಳಿದುಕೊಳ್ಳುತ್ತಾರೆ ಅಲ್ವಾ?

‘ಮಚ್ಚಾ’ ಕೂಡ ಏಟು ಕೊಟ್ಟಿತು. ವಿಡಿಯೋದ ಹುಡುಗರು ಮಾತಾಡುವುದು ಬೆಂಗಳೂರಿನ ಕನ್ನಡ. ರಿಕ್ಷಾದವರೊಬ್ಬರು ನೋಡಿ ‘ಇದು ಘಟ್ಟದ ಮೇಲಿನವರದ್ದು ಮಾರಾಯ್ರೇ, ನಮ್ಮವರು ಹೀಗೆಲ್ಲ ಕುಡಿಯುವುದಿಲ್ಲ’ ಅಂದರು. ಅಲ್ಲಿಗೆ ಮುಗಿಯಿತು. ಅಪಘಾತ ಆದದ್ದು ಘಟ್ಟದ ಮೇಲಿನವರಿಗೆ.

ಅಮ್ಮ ಬಾಗಿಲಲ್ಲಿ ನಿಂತ ದೃಶ್ಯಕ್ಕೆ ಹೆಂಗಸರು ಕಣ್ಣು ಒರೆಸಿಕೊಂಡರು. ಯಾರಿಗಾಗಿ ಮಾಡಿದ್ದೋ ಆ ಗಂಡಸರು ಮೊಬೈಲ್ ತೆಗೆದರು, ಒಬ್ಬರು ಎದ್ದು ಹೊರಗೆ ಹೋದರು. ಅವರು ದಿನಾ ಕುಡಿಯುವವರು ಅಂತ ಆಮೇಲೆ ಗೊತ್ತಾಯಿತು. ನಿಧಿ ಅಗರ್ವಾಲ್ ಮತ್ತು ಆಡಂ ಡುಹಾಚೆಕ್ ಅನ್ನುವ ಸಂಶೋಧಕರು 2010ರಲ್ಲಿ ಇದರ ಬಗ್ಗೆಯೇ ಒಂದು ಅಧ್ಯಯನ ಪ್ರಕಟಿಸಿದ್ದರು. ಮೊದಲೇ ತಪ್ಪಿತಸ್ಥ ಭಾವನೆಯಲ್ಲಿ, ನಾಚಿಕೆಯಲ್ಲಿ ಇರುವವರಿಗೆ ಅದೇ ಭಾವನೆಯನ್ನು ಕೆರಳಿಸುವ ಜಾಹೀರಾತು ತೋರಿಸಿದರೆ ಅವರು ‘ಇದು ನನಗೆ ಅಲ್ಲ’ ಅಂತ ದೂರ ತಳ್ಳುತ್ತಾರೆ, ಕೆಲವು ಸಲ ಪರಿಣಾಮ ಉಲ್ಟಾ ಹೊಡೆಯುತ್ತದೆ. ಎದ್ದು ಹೋದ ಆ ಮನುಷ್ಯ ಜಾಹೀರಾತನ್ನು ಒಪ್ಪಲಿಲ್ಲ ಅಂತಲ್ಲ. ಅದನ್ನು ಕೂತು ನೋಡಲು ಅವರಿಂದ ಆಗಲಿಲ್ಲ.

‘ನಾನು ಜವಾಬ್ದಾರಿಯಿಂದಲೇ ಕುಡಿಯುವುದು’

ಕಥೆ ತಿರುಗಿದ್ದು ಬಾರಿನಲ್ಲಿ ಸಪ್ಲೈ ಮಾಡುತ್ತಿದ್ದವರ ಜೊತೆ ಮಾತಾಡಿದಾಗ. ಅವರು ವಿಡಿಯೋ ನೋಡಿ ಸ್ವಲ್ಪ ಯೋಚಿಸಿ ಹೇಳಿದ್ದು: ‘ನನ್ನ ಟೇಬಲ್ಲಿಗೆ ಬಂದವರಲ್ಲಿ ಜವಾಬ್ದಾರಿ ಇಲ್ಲದವನು ಅಂತ ತನ್ನನ್ನೇ ಹೇಳಿಕೊಂಡವನು ಒಬ್ಬನೂ ಇಲ್ಲ. ಎಲ್ಲ ಪಕ್ಕದ ಟೇಬಲ್ಲಿನವರು. ಈ ವಿಡಿಯೋ ಕೂಡ ಪಕ್ಕದ ಟೇಬಲ್ಲಿಗೆ.’

ಸರಿಯಾಗಿಯೇ ಇತ್ತು. ಜವಾಬ್ದಾರಿಯಿಂದ ಅಂದರೆ ಎಷ್ಟು, ಯಾವಾಗ, ಆಮೇಲೆ ಮನೆಗೆ ಹೋಗುವುದು ಹೇಗೆ, ಒಂದೂ ಜಾಹೀರಾತಿನಲ್ಲಿ ಇರಲಿಲ್ಲ. ಇದು ನಮ್ಮ ಊರಿನ ರೋಗ ಮಾತ್ರ ಅಲ್ಲ. ಅಮೆರಿಕದ ಪತ್ರಿಕೆಗಳಲ್ಲಿ 2008ರಿಂದ 2010ರ ನಡುವೆ ಬಂದ ಮದ್ಯದ ಜಾಹೀರಾತುಗಳನ್ನು ಅಲ್ಲಿನ ಸಂಶೋಧಕರು ನೋಡಿದಾಗ ಹೆಚ್ಚಿನವುಗಳಲ್ಲಿ ಜವಾಬ್ದಾರಿಯ ಸಾಲು ಇತ್ತು, ಜವಾಬ್ದಾರಿ ಅಂದರೆ ಏನು ಅಂತ ಹೇಳಿದ್ದು ಒಂದೂ ಇರಲಿಲ್ಲ. ಕಂಪನಿಗೆ ಆ ಸಾಲು ಯಾಕೆ ಇಷ್ಟ ಅಂತ ಅರ್ಥವಾಗುತ್ತದೆ. ಬಾಟಲಿ ಮಾರಾಟಕ್ಕೆ ಅದರಿಂದ ಏನೂ ತೊಂದರೆ ಇಲ್ಲ, ಎಡವಟ್ಟಾದರೆ ತಪ್ಪು ಕುಡಿದವನದ್ದು. ಆರೋಗ್ಯ ಸಂಸ್ಥೆ ಅದೇ ಸಾಲನ್ನು ಎತ್ತಿಕೊಂಡು ಕೂತದ್ದು ಯಾಕೆ ಅನ್ನುವುದು ನನಗೆ ಇವತ್ತಿಗೂ ಆಶ್ಚರ್ಯ.

ಈ ಹೊತ್ತಿಗೇ ಪೋಸ್ಟರ್ ಮುದ್ರಣದ ಖರ್ಚು ಕೊಡುತ್ತೇವೆ ಅಂತ ಒಬ್ಬರು ಬಂದರು. ಮದ್ಯದ ಹೆಸರನ್ನೇ ಇಟ್ಟುಕೊಂಡ ಸೋಡಾ ಬ್ರಾಂಡಿನ ಕಡೆಯವರು. ಮೂಲೆಯಲ್ಲಿ ಸಣ್ಣ ಲೋಗೋ ಸಾಕು ಅಂದರು. ತಂಡದಲ್ಲಿ ಎರಡು ಅಭಿಪ್ರಾಯ ಇತ್ತು, ಹಣದ ಕೊರತೆ ನಿಜಕ್ಕೂ ಇತ್ತು. ಬೇಡ ಅಂತಾಯಿತು. ಹಾಗೆ ನಿರ್ಧಾರ ಆದ ಮೇಲೆ ‘ಜವಾಬ್ದಾರಿಯಿಂದ ಕುಡಿಯಿರಿ’ ಅನ್ನುವ ಸಾಲನ್ನು ಬಿಟ್ಟುಬಿಡುವುದು ಸುಲಭವಾಯಿತು. ಆ ಸಾಲು ಯಾರಿಗೆ ಹಿತ ಅನ್ನುವುದು ಎಲ್ಲರಿಗೂ ಕಣ್ಣೆದುರು ಕಂಡಿತ್ತು.

ಮೊದಲ ರಿಪೇರಿ

ಮೊದಲು ಮಾಡಿದ್ದು ಸುಲಭದ ಕೆಲಸ. ಅದೇ ವಿಡಿಯೋಗೆ ತುಳು ಧ್ವನಿ ಹಾಕಿದರು, ದೊಡ್ಡ ಅಕ್ಷರ ಹಾಕಿದರು, ‘ಮಚ್ಚಾ’ ಹೋಯಿತು. ತುಳುವಿನಲ್ಲಿ ಕೇಳಿದ್ದಕ್ಕೆ ಜನ ಖುಷಿಪಟ್ಟರು. ಮಾಡುವುದು ಏನು ಅಂತ ಕೇಳಿದರೆ ಉತ್ತರ ಮೊದಲಿನದ್ದೇ: ‘ಜಾಗ್ರತೆ ಮಾಡಬೇಕು.’ ಕಲಾವಿದರೊಬ್ಬರು ಬಾಟಲಿ ಹಿಡಿದ ರಾಕ್ಷಸನ ಚಿತ್ರ ಬರೆದುಕೊಟ್ಟರು, ಯಕ್ಷಗಾನದ ಬಣ್ಣದ ವೇಷದ ಹಾಗೆ, ನೋಡಲು ಭಾರೀ ಚೆಂದ. ಸಂಘದ ಅಕ್ಕ ಒಬ್ಬರು ಅದನ್ನು ಒಪ್ಪಲಿಲ್ಲ. ‘ನಮ್ಮ ದೈವ ಕೊರಗಜ್ಜನಿಗೆ ನಾವೇ ಕಳ್ಳು, ಚಕ್ಕುಲಿ, ಬೀಡ ಇಡುವುದು. ಅದನ್ನೇ ರಾಕ್ಷಸ ಅಂತ ನೀವು ಬರೆದರೆ ಮನೆಯಲ್ಲಿ ಯಾರು ಗೋಡೆಗೆ ಅಂಟಿಸುತ್ತಾರೆ?’ ಚಿತ್ರ ವಾಪಸು ಹೋಯಿತು. ಆ ಒಂದು ಮಾತು ನಮ್ಮನ್ನು ದೊಡ್ಡ ಜಗಳದಿಂದ ಉಳಿಸಿತು ಅಂತ ನನಗೆ ಅನಿಸುತ್ತದೆ.

ಆಮೇಲೆ ಲೆಕ್ಕದ ಪ್ರಶ್ನೆ. ಎಷ್ಟು ಅಂತ ಹೇಳೋಣ ಅಂದರು ಕೆಲವರು. ಡಾಕ್ಟರು ಒಪ್ಪಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲೇ ಆರೋಗ್ಯಕ್ಕೆ ಸುರಕ್ಷಿತ ಅನ್ನುವ ಮದ್ಯದ ಪ್ರಮಾಣವೇ ಇಲ್ಲ ಅಂತ ಹೇಳಿದೆ. ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಮದ್ಯ 1988ರಿಂದಲೂ ಇದೆ. ‘ಎರಡು ಪೆಗ್ ಪರವಾಗಿಲ್ಲ’ ಅಂತ ಆರೋಗ್ಯ ಸಂಸ್ಥೆಯ ಹೆಸರಲ್ಲಿ ಬರೆದರೆ ಜನ ಅದನ್ನೇ ಸರ್ಟಿಫಿಕೇಟ್ ಮಾಡಿಕೊಳ್ಳುತ್ತಾರೆ. ಹಾಗಂತ ‘ಕುಡಿಯಲೇಬೇಡಿ’ ಅಂತ ಬರೆದರೆ ಮೆಹೆಂದಿ ಮನೆಯ ಹಿಂದಿನ ಟೇಬಲ್ಲಿನವರು ಆ ಕಾಗದದಲ್ಲಿ ಮೀನು ಫ್ರೈ ಇಟ್ಟು ತಿನ್ನುತ್ತಾರೆ. ಎರಡೂ ಕಡೆಯವರು ಹೇಳಿದ್ದು ಸರಿ.

ಈ ಜಗಳದಲ್ಲೇ ಒಂದು ಉಪಯೋಗದ ಕೆಲಸ ಆಯಿತು. ಯಾವುದರಲ್ಲಿ ಎಷ್ಟು ಆಲ್ಕೋಹಾಲ್ ಅಂತ ಬೋರ್ಡಿನ ಮೇಲೆ ಬರೆದೆವು. 30 ಎಂಎಲ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ. 90ರ ಪ್ಯಾಕೆಟ್ಟಿನಲ್ಲಿ 30 ಗ್ರಾಂ. ಕ್ವಾರ್ಟರ್, ಅಂದರೆ 180 ಎಂಎಲ್, ಅದರಲ್ಲಿ 60 ಗ್ರಾಂ. ಶೇಕಡಾ 8ರ ಸ್ಟ್ರಾಂಗ್ ಬಿಯರ್ 650 ಎಂಎಲ್ ಬಾಟಲಿಯಲ್ಲಿ 40 ಗ್ರಾಂ, ಅಂದರೆ 60 ಎಂಎಲ್ಲಿನ ಎರಡು ದೊಡ್ಡ ಪೆಗ್ಗಿಗೆ ಸಮ. ‘ನಾನು ಬರೀ ಬಿಯರ್’ ಅನ್ನುತ್ತಿದ್ದ ಹುಡುಗರು ಆ ಬೋರ್ಡಿನ ಮುಂದೆ ಸುಮ್ಮನಾದರು.

ಕಾನೂನಿನ ಲೆಕ್ಕ ಇನ್ನೊಂದು. ವಾಹನ ಓಡಿಸುವವರ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇರಬಾರದು. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್. 2019ರ ತಿದ್ದುಪಡಿಯ ನಂತರ ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. 70 ಕೆಜಿ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಬೇಗ ಬೇಗ 60 ಎಂಎಲ್ ವಿಸ್ಕಿ ಕುಡಿದರೆ ಸುಮಾರು 40 ಮಿಲಿಗ್ರಾಂಗೆ ಹೋಗುತ್ತದೆ. ಒಂದೇ ದೊಡ್ಡ ಪೆಗ್ಗಿಗೆ ಲಿಮಿಟ್ ದಾಟಿತು. ಇಳಿಯುವುದು ಗಂಟೆಗೆ ಸುಮಾರು 15 ಮಿಲಿಗ್ರಾಂ ಮಾತ್ರ. ಮಜ್ಜಿಗೆ, ಲಿಂಬೆ ಶರಬತ್ತು, ಕಾಫಿ, ತಲೆಗೆ ತಣ್ಣೀರು, ಯಾವುದೂ ಅದನ್ನು ಬೇಗ ಇಳಿಸುವುದಿಲ್ಲ.

ಇದನ್ನು ಬರೆಯುತ್ತಿದ್ದಾಗ ಎಮರ್ಜೆನ್ಸಿಯ ನರ್ಸ್ ಒಬ್ಬರು ಕೇಳಿದರು: ‘ಹಾಗಾದರೆ ಬೆಳಿಗ್ಗೆ ದಿಬ್ಬಣದ ಕಾರು ಬಿಡುವುದು ಯಾರು?’

ಅಲ್ಲಿಯವರೆಗೆ ಎಲ್ಲರ ತಲೆಯಲ್ಲಿ ಇದ್ದದ್ದು ರಾತ್ರಿ ಮಾತ್ರ. ಮಳೆ, ಕತ್ತಲೆ, ಬೈಕು. ಲೆಕ್ಕ ಹಾಕಿದೆವು. ರಾತ್ರಿ 11ರಿಂದ 1ರ ಒಳಗೆ ಒಂದು ಕ್ವಾರ್ಟರ್, ಅದರ ಮೇಲೆ ಒಂದು ಸ್ಟ್ರಾಂಗ್ ಬಿಯರ್ ಕುಡಿದವನು ಬೆಳಿಗ್ಗೆ 7ಕ್ಕೆ ಎದ್ದು, ಸ್ನಾನ ಮಾಡಿ, ಪಂಚೆ ಶಲ್ಯ ಹಾಕಿಕೊಂಡು ಕಾರಿನಲ್ಲಿ ಕೂತಾಗ ಅವನ ರಕ್ತದಲ್ಲಿ ಕಾನೂನಿನ ಲಿಮಿಟ್ಟಿನ ಎರಡು-ಮೂರು ಪಟ್ಟು ಇರಬಹುದು. ತಲೆ ಸ್ವಲ್ಪ ಭಾರ ಅಷ್ಟೇ, ಅವನಿಗೆ ಇಳಿದಿದೆ ಅಂತಲೇ ಅನಿಸುತ್ತದೆ. ಕಾರಿನಲ್ಲಿ ಹಿಂದೆ ಕೂತಿರುವುದು ಮದುಮಗಳ ಅಜ್ಜಿ, ಚಿಕ್ಕಮ್ಮಂದಿರು, ಮಕ್ಕಳು. ದಿಬ್ಬಣದ ಕಾರು ಬಿಡುವವರು ಸಾಮಾನ್ಯವಾಗಿ ಅಣ್ಣತಮ್ಮಂದಿರು, ಫ್ರೆಂಡ್ಸ್. ಅಂದರೆ ರಾತ್ರಿ ಟೇಬಲ್ಲಿನಲ್ಲಿ ಕೊನೆಯವರೆಗೂ ಇದ್ದವರೇ.

ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಅದು. ಅದು ಬಂದದ್ದು ಸಂಶೋಧನೆಯಿಂದಲ್ಲ. ಮದುವೆಗಳಿಗೆ ಹೋಗುವ, ಕಾರಿನ ಹಿಂದಿನ ಸೀಟಿನಲ್ಲಿ ಕೂರುವ ಒಬ್ಬ ಹೆಂಗಸಿನಿಂದ.

ಮಾತು ಯಾರಿಗೆ ಹೇಳಬೇಕು

ಆಮೇಲೆ ‘ಎಷ್ಟು’ ಅನ್ನುವ ಜಗಳವನ್ನು ಬದಿಗಿಟ್ಟೆವು. ಕುಡಿದ ಮೇಲೆ ಮನುಷ್ಯನಿಗೆ ಮೊದಲು ಹೋಗುವುದೇ ಅಂದಾಜು. ಹಾಗಿರುವಾಗ ಅವನ ಅಂದಾಜನ್ನು ನಂಬಿ ಜಾಹೀರಾತು ಮಾಡುವುದು ಎಂತ ಬುದ್ಧಿವಂತಿಕೆ? ಹೇಳಬೇಕಾದ ಸಮಯ ಮೊದಲ ಗ್ಲಾಸಿಗಿಂತ ಮೊದಲು. ಹೇಳಬೇಕಾದದ್ದು ಕುಡಿಯದೇ ಇರುವವರಿಗೆ, ಮನೆಯ ಯಜಮಾನಿಗೆ, ಮದುವೆ ನಡೆಸುವವರಿಗೆ.

ಕುಡಿಯದೇ ಇರುವವರು ಕಡಿಮೆಯೇನಲ್ಲ. ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರ ಪ್ರಕಾರ ದೇಶದಲ್ಲಿ 10ರಿಂದ 75 ವರ್ಷದವರಲ್ಲಿ ಮದ್ಯ ಸೇವಿಸುವವರು ಶೇಕಡಾ 14.6. ಗಂಡಸರಲ್ಲಿ 27.3, ಹೆಂಗಸರಲ್ಲಿ 1.6. ‘ಹತ್ತರಲ್ಲಿ ಏಳು ಗಂಡಸರು ಕುಡಿಯುವುದಿಲ್ಲ’ ಅಂತ ಪೋಸ್ಟರ್ ಮಾಡೋಣ ಅಂದರು ಒಬ್ಬರು. ಹುಡುಗರಿಗೆ ತೋರಿಸಿದೆವು. ನಕ್ಕರು. ‘ಆ ಏಳು ಜನ ನಮ್ಮ ಮೆಹೆಂದಿಗೆ ಬರುವುದಿಲ್ಲ’ ಅಂದರು. ಅಂಕಿ ನಿಜ, ಆದರೆ ಅವರ ಕಣ್ಣಿಗೆ ಕಾಣುವುದು ಬೇರೆ. ಬಿಟ್ಟೆವು. ನಂಬಲಾಗದ ಸತ್ಯಕ್ಕೆ ಪೋಸ್ಟರಿನಲ್ಲಿ ಜಾಗ ಖರ್ಚು ಮಾಡುವುದು ದಂಡ.

ಹೊಸ ವಿಡಿಯೋದಲ್ಲಿ ಬಾಟಲಿ ಇಲ್ಲ, ಗ್ಲಾಸು ಇಲ್ಲ, ಅಪಘಾತವೂ ಇಲ್ಲ. ಅಂಗಳ, ಶಾಮಿಯಾನ ಕಟ್ಟುತ್ತಿದ್ದಾರೆ. ದೊಡ್ಡಮ್ಮ ಒಬ್ಬರು ಸ್ಟೀಲ್ ಡಬ್ಬಿ ಹಿಡಿದು ಗೇಟಿನ ಹತ್ತಿರ ಕುರ್ಚಿ ಹಾಕಿ ಕೂತಿದ್ದಾರೆ. ಬೈಕಿನಲ್ಲಿ ಬಂದವರಿಗೆ ತುಳುವಿನಲ್ಲಿ ‘ಕೀ ಕೊರ್ಲೆ’ ಅನ್ನುತ್ತಾರೆ. ಕೀ ಡಬ್ಬಿಗೆ ಬೀಳುತ್ತದೆ, ಒಂದು ಚೀಟಿ ಕೈಗೆ ಸಿಗುತ್ತದೆ. ಆಮೇಲೆ ಊಟದ ಬಾಳೆಲೆ. ರಾತ್ರಿ ರಿಕ್ಷಾ ಬರುತ್ತದೆ. ಬೆಳಿಗ್ಗೆ ದಿಬ್ಬಣದ ಕಾರಿನ ಕೀಯನ್ನು ದೊಡ್ಡಮ್ಮ ಒಬ್ಬ ಹುಡುಗಿಗೆ ಕೊಡುತ್ತಾರೆ. ಅಕ್ಷರ ಎರಡೇ ಸಾಲು: ‘ಕೀ ಮೊದಲು, ಊಟ ಆಮೇಲೆ. ರಾತ್ರಿಯದ್ದು ಬೆಳಿಗ್ಗೆಯೂ ಇರುತ್ತದೆ.’ ಸೌಂಡ್ ಬಂದ್ ಮಾಡಿ ನೋಡಿದರೂ ಅರ್ಥವಾಗಬೇಕು ಅಂತ ಶರತ್ತು ಹಾಕಿಕೊಂಡಿದ್ದೆವು. ಹೊರರೋಗಿ ವಿಭಾಗದ ಟಿವಿಯಲ್ಲೇ ಮೊದಲು ಹಾಕಿ ನೋಡಿದ್ದು.

ಕಿಮ್ ವಿಟ್ಟೆ ಅನ್ನುವ ಸಂಶೋಧಕಿ 1992ರಲ್ಲಿ ಹೆದರಿಕೆಯ ಜಾಹೀರಾತುಗಳ ಬಗ್ಗೆ ಹೇಳಿದ್ದು ಇದನ್ನೇ. ಅಪಾಯ ದೊಡ್ಡದಾಗಿ ಕಂಡು, ತಪ್ಪಿಸಿಕೊಳ್ಳುವ ದಾರಿ ತನ್ನ ಕೈಯಲ್ಲಿದೆ ಅನಿಸದಿದ್ದರೆ ಜನ ಅಪಾಯವನ್ನಲ್ಲ, ಹೆದರಿಕೆಯನ್ನು ಓಡಿಸಲು ನೋಡುತ್ತಾರೆ. ಮೊದಲ ವಿಡಿಯೋದಲ್ಲಿ ದಾರಿ ಇರಲಿಲ್ಲ. ಎರಡನೆಯದರಲ್ಲಿ ದಾರಿಯೇ ಎಲ್ಲ, ಹೆದರಿಕೆ ಇಲ್ಲವೇ ಇಲ್ಲ. ಅದು ಸ್ವಲ್ಪ ಸಪ್ಪೆ ಅಂತ ಈಗಲೂ ಹೇಳುವವರಿದ್ದಾರೆ.

ಪೋಸ್ಟರ್ ಬದಲು ಕೈಗೆ ಸಿಗುವ ಕಾರ್ಡು ಮಾಡಿದೆವು. ಅದನ್ನು ಹಂಚಿದ್ದು ಆರೋಗ್ಯ ಕಾರ್ಯಕರ್ತೆಯರಲ್ಲ, ಶಾಮಿಯಾನದವರು. ಇದು ಸಂಘದ ಅಕ್ಕನ ಐಡಿಯಾ: ‘ಮದುವೆ ಮನೆಗೆ ಎಲ್ಲರಿಗಿಂತ ಮೊದಲು ಬರುವುದು ಶಾಮಿಯಾನದವನು, ಕೊನೆಗೆ ಹೋಗುವುದೂ ಅವನೇ.’ ಶಾಮಿಯಾನದವರು ಒಪ್ಪಲಿಕ್ಕಿಲ್ಲ ಅಂತ ಎಣಿಸಿದ್ದೆವು. ಕೂಡಲೇ ಒಪ್ಪಿದರು. ಕುಡಿದು ಅವರ ಕುರ್ಚಿ ಮುರಿಯುವವರ ಮೇಲೆ ಅವರಿಗೆ ಹಳೆಯ ಸಿಟ್ಟಿತ್ತು. ಕಾರ್ಡಿನ ಹಿಂದೆ ಹತ್ತಿರದ ರಿಕ್ಷಾ ಸ್ಟ್ಯಾಂಡಿನ ನಂಬರು, ಕೆಳಗೆ ದೊಡ್ಡದಾಗಿ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416.

ಆ ನಂಬರಿನ ಮೇಲೆ ಮೊದಲು ‘ಇವತ್ತೇ ಕುಡಿತ ಬಿಡಿ’ ಅಂತ ಇತ್ತು. ಮನೋರೋಗ ವಿಭಾಗದವರು ಅದನ್ನು ಹೊಡೆದುಹಾಕಿದರು. ದಿನಾ ಜಾಸ್ತಿ ಕುಡಿಯುವವರು, ಬೆಳಿಗ್ಗೆ ಎದ್ದಾಗ ಕೈ ನಡುಗುವವರು ಒಮ್ಮೆಲೇ ಪೂರ್ತಿ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಎರಡು ಮೂರು ದಿನದಲ್ಲಿ ಭ್ರಮೆ, ಗೊಂದಲ ಶುರುವಾಗಿ ಜೀವಕ್ಕೇ ಅಪಾಯವಾಗಬಹುದು. ಅವರಿಗೆ ಔಷಧಿ ಕೊಟ್ಟು, ಹತ್ತಿರದಿಂದ ನೋಡಿಕೊಂಡು ಬಿಡಿಸಬೇಕು. ಬದಲಿಗೆ ಬಂದ ಸಾಲು: ‘ಬೆಳಿಗ್ಗೆ ಕೈ ನಡುಗುತ್ತದಾ? ಒಮ್ಮೆಲೇ ನಿಲ್ಲಿಸಬೇಡಿ, ಮೊದಲು ಫೋನ್ ಮಾಡಿ.’ ಒಳ್ಳೆಯ ಉದ್ದೇಶದ ಎಷ್ಟು ಜಾಹೀರಾತುಗಳಲ್ಲಿ ‘ಇವತ್ತೇ ಬಿಡಿ’ ಇದೆಯೋ, ಎಣಿಸಿದರೆ ಹೆದರಿಕೆಯಾಗುತ್ತದೆ.

ಆದದ್ದು, ಆಗದ್ದು

ಮೆಹೆಂದಿ ಮನೆಗಳಲ್ಲಿ ಕೀ ಡಬ್ಬಿ ನಡೆಯಿತು, ಎಲ್ಲ ಕಡೆ ಅಲ್ಲ. ಶುರುವಿನಲ್ಲಿ ಕೆಲವರು ಕುಡಿಯದ ಫ್ರೆಂಡ್ ಒಬ್ಬನ ಕೈಗೆ ಡಬ್ಬಿ ಕೊಟ್ಟರು. ಹತ್ತು ಗಂಟೆಗೆ ಎಲ್ಲ ಸರಿ, ಹನ್ನೆರಡಕ್ಕೆ ‘ಏ ಕೊಡು ಮಾರಾಯಾ, ನನಗೆ ಎಂತ ಆಗಿದೆ’ ಅಂತ ಗಲಾಟೆ, ಒಂದು ಗಂಟೆಗೆ ಡಬ್ಬಿ ಖಾಲಿ. ದೊಡ್ಡಮ್ಮಂದಿರ ಕೈಯಲ್ಲಿದ್ದ ಡಬ್ಬಿ ಖಾಲಿಯಾಗಲಿಲ್ಲ. ಒಂದು ಮನೆಯಲ್ಲಂತೂ ದೊಡ್ಡಮ್ಮ ಡಬ್ಬಿಯನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿಬಿಟ್ಟರು, ಯಾರಿಗೂ ಎಬ್ಬಿಸಲು ಧೈರ್ಯ ಬರಲಿಲ್ಲ. ಕುಡಿಯದೇ ಇದ್ದ ಇಬ್ಬರು ಪಾಪ ಅವರ ಕೀಯೂ ಅದರಲ್ಲೇ ಸಿಕ್ಕಿಹಾಕಿಕೊಂಡು ರಾತ್ರಿಯಿಡೀ ಕುರ್ಚಿಯಲ್ಲಿ ಕೂತಿದ್ದರು. ಈಗ ಚೀಟಿಗೆ ಎರಡು ಬಣ್ಣ.

ಬೆಳಗಿನ ಸಾಲು ನಾವು ಎಣಿಸಿದ್ದಕ್ಕಿಂತ ಜಾಸ್ತಿ ಕೆಲಸ ಮಾಡಿತು. ಕೇಳಿದವರಲ್ಲಿ ಹೆಚ್ಚಿನವರಿಗೆ ನೆನಪಿದ್ದದ್ದು ಅದೇ, ಯಾಕೆಂದರೆ ಅದು ಅವರಿಗೆ ಹೊಸ ವಿಷಯ. ಕುಡಿದು ಗಾಡಿ ಓಡಿಸಬೇಡಿ ಅಂತ ಬಾಟಲಿಯ ಮೇಲೆಯೇ ಬರೆದಿರುತ್ತದೆ, ಕಣ್ಣು ಅದರ ಮೇಲೆ ನಿಲ್ಲುವುದೇ ಇಲ್ಲ. ದಿಬ್ಬಣಕ್ಕೆ ಬಾಡಿಗೆ ಡ್ರೈವರನ್ನು ಕರೆದ ಮನೆಗಳು ಕೆಲವು ಸಿಕ್ಕವು. ಹೆಣ್ಣುಮಕ್ಕಳೇ ಕಾರು ಬಿಟ್ಟ ದಿಬ್ಬಣ ಒಂದು ಸಿಕ್ಕಿತು, ಅದರ ಫೋಟೋ ನಮ್ಮ ವಿಡಿಯೋಗಿಂತ ಜಾಸ್ತಿ ಓಡಾಡಿತು.

ಕಾರ್ಡಿನ ನಂಬರಿನ ಬಗ್ಗೆ ಸಂಸ್ಥೆಗೆ ಬಂದು ವಿಚಾರಿಸಿದವರು ಹೆಚ್ಚಾಗಿ ಹೆಂಡತಿಯರು, ಅಮ್ಮಂದಿರು. ‘ಅವರು ಬರಲು ಒಪ್ಪುವುದಿಲ್ಲ, ನಾನು ಒಬ್ಬಳೇ ಬಂದು ಕೇಳಬಹುದಾ?’ ಕೇಳಬಹುದು. ಹಳ್ಳಿ ಕಡೆಯವರು ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರದ ಬಗ್ಗೆ ಮೊದಲೇ ಕೇಳಿ ತಿಳಿದಿದ್ದರು. ಆಸ್ಪತ್ರೆಗಿಂತ ಶಿಬಿರ ಅಂದರೆ ಗಂಡ ಒಪ್ಪಬಹುದು ಅಂತ ಕೆಲವರು ಹೇಳಿದರು. ಒಪ್ಪುವ ದಾರಿ ಯಾವುದೋ ಅದನ್ನೇ ಹಿಡಿಯಿರಿ, ಆದರೆ ಕೈ ನಡುಕ ಇದ್ದರೆ ಮೊದಲು ಡಾಕ್ಟರ್ ಅಂತ ಅವರಿಗೆ ತಿಳಿಸುತ್ತೇವೆ.

ಪೂರ್ತಿ ಸೋತದ್ದು ಮೀನುಗಾರಿಕೆ ಬಂದರಿನಲ್ಲಿ. ಹಣ ಉಳಿಸಲು ಅದೇ ಕಾರ್ಡನ್ನು ಅಲ್ಲಿಗೂ ಕಳಿಸಬೇಕು ಅಂತ ಮೇಲಿನವರು ನಿರ್ಧಾರ ಮಾಡಿದರು. ಬೋಟಿನಲ್ಲಿ ಕೆಲಸ ಮಾಡುವವರಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರದವರು ಬಹಳ ಜನ. ಅವರಿಗೆ ಕನ್ನಡ ಓದಲು ಬಾರದು, ದೊಡ್ಡಮ್ಮನೂ ಇಲ್ಲ, ಬೈಕಿನ ಕೀಯೂ ಇಲ್ಲ. ಅವರು ಕುಡಿಯುವುದು ಬೋಟು ದಡಕ್ಕೆ ಬಂದು ಪಾಲು ಸಿಕ್ಕಿದ ದಿನ, ಮಲಗುವುದು ಬೋಟಿನಲ್ಲೇ. ಅಲ್ಲಿ ಅಪಾಯ ಹೆದ್ದಾರಿಯದ್ದಲ್ಲ. ರಾತ್ರಿ ಒಂದು ಬೋಟಿನಿಂದ ಇನ್ನೊಂದಕ್ಕೆ ದಾಟುವಾಗ ಕಾಲು ಜಾರಿ ನಡುವಿನ ನೀರಿಗೆ ಬೀಳುವುದು. ದಕ್ಕೆಯ ಒಬ್ಬರು ಕಾರ್ಡು ತಿರುಗಿಸಿ ತಿರುಗಿಸಿ ನೋಡಿ ‘ಇದು ಮದುವೆಯ ಆಮಂತ್ರಣವಾ?’ ಅಂದರು.

ಒಂದು ಆಕ್ಷೇಪ ಇನ್ನೂ ಬಗೆಹರಿದಿಲ್ಲ. ಊರಿನ ಹಿರಿಯರೊಬ್ಬರು ಹೇಳುವುದು: ಕೀ ಡಬ್ಬಿ ಇಟ್ಟರೆ ಕುಡಿಯಲು ನೀವೇ ವ್ಯವಸ್ಥೆ ಮಾಡಿಕೊಟ್ಟ ಹಾಗೆ. ಮೊದಲು ಗಾಡಿ ಇದೆ ಅಂತ ಎರಡಕ್ಕೆ ನಿಲ್ಲಿಸುತ್ತಿದ್ದವನು ಈಗ ರಿಕ್ಷಾ ಇದೆ ಅಂತ ನಾಲ್ಕು ಹಾಕುತ್ತಾನೆ. ಹಾಗೆ ಆದ ಮನೆಯೂ ಇದೆ, ಸುಳ್ಳು ಹೇಳಲಾರೆ. ಡಾಕ್ಟರ ಉತ್ತರ ನೇರವಾಗಿತ್ತು. ಲಿವರ್ ಕೆಟ್ಟವನನ್ನು ನೋಡಲು ನನಗೆ ವರ್ಷ ಸಿಗುತ್ತದೆ, ಹೆದ್ದಾರಿಯಿಂದ ತಂದವನಿಗೆ ನಿಮಿಷ ಸಿಗುವುದಿಲ್ಲ ಅಂದರು. ಹಿರಿಯರು ಒಪ್ಪಲಿಲ್ಲ. ಅವರ ಮನೆಯ ಮದುವೆಯಲ್ಲಿ ಟೇಬಲ್ಲೇ ಇರಲಿಲ್ಲ. ಅದೂ ಒಂದು ದಾರಿಯೇ, ಎಲ್ಲಕ್ಕಿಂತ ಒಳ್ಳೆಯ ದಾರಿ. ಹಾಗಾಗಿ ಕಾರ್ಡಿನ ಮೇಲ್ಗಡೆ ಈಗ ಒಂದು ಸಾಲು ಸೇರಿದೆ: ‘ಟೇಬಲ್ ಇಡದಿದ್ದರೆ ಈ ಕಾರ್ಡು ಬೇಡ.’ ಅದನ್ನು ಬರೆದುಕೊಟ್ಟವರು ಆ ಹಿರಿಯರೇ.

ಬಂದರಿನ ಕೆಲಸವನ್ನು ಇದರಿಂದ ಬೇರೆ ಮಾಡಿದ್ದೇವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳು ದಡದಲ್ಲಿ ಇರುತ್ತವೆ, ಮಾಲೀಕರು ಮಾತಿಗೆ ಸಿಗುತ್ತಾರೆ. ಅಲ್ಲಿ ಜಾಹೀರಾತಿಗಿಂತ ಮೊದಲು ಬೋಟುಗಳ ನಡುವೆ ಹಲಗೆ, ಹಗ್ಗ, ಒಂದು ಲೈಟು ಬೇಕು ಅಂತ ಕೆಲಸದವರು ಹೇಳಿದ್ದಾರೆ. ಅದರ ಖರ್ಚು ಯಾರದ್ದು ಅನ್ನುವ ಮಾತುಕತೆ ಮಾಲೀಕರ ಜೊತೆ ನಡೆಯುತ್ತಿದೆ.